ಸೀಗಡಿಯ ಬಾಣಂತನ

ವಯಸ್ಸಾದವರ ಕೈಗೆ ಜೀವವಿರುವ ಯಾವುದನ್ನೂ ಯಾರೂ ಒಪ್ಪಿಸಿ ಹೋಗುವುದಿಲ್ಲ. ಹಾಲು ಉಕ್ಕದಂತೆ ನೋಡಿಕೊಳ್ಳಿ ಅನ್ನುತ್ತಾರೆ, ನೀರು ಬಂದರೆ ನಳ ತಿರುಗಿಸಿ ಅನ್ನುತ್ತಾರೆ, ಮಾಳಿಗೆಯ ಮೇಲೆ ಹಪ್ಪಳಕ್ಕೆ ಕಾಗೆ ಬರದ ಹಾಗೆ ಕೋಲು ಕೊಟ್ಟು ಕೂರಿಸುತ್ತಾರೆ. ಅಷ್ಟೇ. ಹಾಗಿರುವಾಗ ನನ್ನ ಮೊಮ್ಮಗಳು ಅಕ್ಷತಾ ತನ್ನ ಸೀಗಡಿಗಳನ್ನು, ಹೆತ್ತ ತಾಯಿಗೂ ಕೊಡದೆ, ನನಗೆ ಒಪ್ಪಿಸಿ ಖೋ ಖೋ ಆಡಲು ಮುಂಡರಗಿಗೆ ಹೋದಳೆಂದರೆ ನನಗಾದ ಹಿಗ್ಗು ಎಷ್ಟಿರಬೇಕು ಹೇಳಿ. ಮುಂದೆ ಆದ ಹಾಳಿಗೆಲ್ಲ ಆ ಹಿಗ್ಗೇ ಕಾರಣ. ಮನುಷ್ಯರು ದುಃಖದಲ್ಲಿ ತಪ್ಪು ಮಾಡುತ್ತಾರೆ ಅನ್ನುವುದುಂಟು. ನಾನಂತೂ ನನ್ನ ದೊಡ್ಡ ತಪ್ಪುಗಳನ್ನೆಲ್ಲ ಮನಸ್ಸು ತುಂಬಿ ತುಳುಕುತ್ತಿದ್ದಾಗಲೇ ಮಾಡಿದ್ದೇನೆ.

ಬೆಟಗೇರಿಯ ನಮ್ಮ ಮನೆಯಲ್ಲಿ ತತ್ತಿ ಕೂಡ ಹೊಸ್ತಿಲು ದಾಟಿ ಬಂದದ್ದಿಲ್ಲ. ಅಂಥ ಮನೆಗೆ ಗಾಜಿನ ಪೆಟ್ಟಿಗೆಯಲ್ಲಿ ಸೀಗಡಿಗಳು ಬಂದಾಗ ನಾನು ವಿಭೂತಿ ಹಚ್ಚಿಕೊಂಡ ಹಣೆಯನ್ನು ಮೂರು ಸಲ ಚಚ್ಚಿಕೊಂಡಿದ್ದೆ. "ತಿನ್ನಾಕಲ್ಲ ಆಯಿ, ಸಾಕಾಕ" ಎಂದು ಅಕ್ಷತಾ ನಗುತ್ತ ಸಮಾಧಾನ ಮಾಡಿದಳು. ಪಕ್ಕದ ಮನೆಯ ಹುಸೇನಬಿ ಮಾತ್ರ ಬಾಗಿಲಲ್ಲಿ ನಿಂತು, "ನಿಮಗ ತಿನ್ನಾಕ ಬರೂದಿಲ್ಲ, ನಮಗ ತಿನ್ನಾಕ ಕೊಡೂದಿಲ್ಲ. ಇವು ಮತ್ಯಾಕ ಬೇಕ್ರಿ ಯಕ್ಕಾ?" ಅಂದಳು. ಆದರೆ ನೋಡುತ್ತ ನೋಡುತ್ತ ಅವು ಕಣ್ಣಿಗೆ ಹಿತವಾದವು. ಉಗುರಿನಷ್ಟು ಉದ್ದ, ಕುಂಕುಮದ ಬಣ್ಣ. ಇಡೀ ದಿನ ಮುಂಗಾಲಿನಿಂದ ಏನನ್ನೋ ಆರಿಸಿ ಆರಿಸಿ ಬಾಯಿಗಿಡುವುದು. ನನ್ನ ಅತ್ತೆ ಜೋಳದಲ್ಲಿ ಹರಳು ಆರಿಸುತ್ತಿದ್ದದ್ದು ಹೀಗೆಯೇ, ತಲೆ ಎತ್ತದೆ.

ಅವುಗಳ ಊಟೋಪಚಾರ ನೋಡಿ ನನಗೆ ಇನ್ನಷ್ಟು ಪ್ರೀತಿ ಬಂತು. ನೀರಿನ ತಳಕ್ಕೆ ಒಣಗಿದ ಬದಾಮಿ ಎಲೆ, ಪೇರಲ ಎಲೆ, ಮೂಲೆಯಲ್ಲಿ ಅಂಗೈಯಗಲ ಬದಾಮಿ ಗಿಡದ ತೊಗಟೆ. ಎಲೆ ಗಿಡದಿಂದ ಕಿತ್ತದ್ದಾಗಬಾರದು, ತಾನಾಗಿ ಬಿದ್ದು ಕಂದಾಗಿರಬೇಕು. ಅದನ್ನು ತೊಳೆದು, ಕುದಿಸಿ, ಆರಿಸಿ ಬಿಡಬೇಕು. ನನ್ನ ಸೊಸೆ ಸವಿತಾ ತನ್ನ ಚಹಾ ಪಾತ್ರೆ ಹೋಯಿತೆಂದು ದಿನಾ ಒದರುತ್ತಿದ್ದಳು. ಎರಡು ದಿನಕ್ಕೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುವುದು, ಎಲೆಯ ಮೇಲೆ ಲೋಳೆ ಕಟ್ಟುವುದು, ಸೀಗಡಿಗಳು ಆ ಲೋಳೆಯನ್ನು ಮೇಯುವುದು. ತೊಗಟೆಯ ಅಡಿಗೆ ಹೋಗಿ ಅಡಗುವುದು. "ಎಲಿ ನೀರು ಇವಕ್ಕ ಔಷಧ ಇದ್ದಂಗ ಆಯಿ. ತತ್ತಿಗೆ ಬೂಸು ಹಿಡಿಯೂದಿಲ್ಲ" ಎಂದು ಅಕ್ಷತಾ ಹೇಳಿದಾಗ ನನಗೆ ತಟ್ಟನೆ ಎಲ್ಲ ಅರ್ಥವಾಯಿತು. ಓದಿದ್ದು ನಾಲ್ಕನೇ ಇಯತ್ತೆಯಾದರೂ ಎಲೆ, ನೀರು, ಬಸುರಿ ಈ ಮೂರರಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಸೊರಟೂರಿನಿಂದ ಸೊಸೆಯಾಗಿ ಬಂದ ಮೇಲೆ ಈ ಓಣಿಯ ಎಷ್ಟು ಬಾಣಂತಿಯರಿಗೆ ನೀರು ಹಾಕಿದ್ದೇನೋ ದೇವರಿಗೇ ಗೊತ್ತು. ಬೇವಿನ ತಪ್ಪಲು ಕುದಿಸಿದ ನೀರು ನನ್ನ ಕೈಯಿಂದ ಬೆನ್ನ ಮೇಲೆ ಬಿತ್ತೆಂದರೆ ಬಾಣಂತಿ ಮೂರನೇ ದಿನಕ್ಕೆ ಅತ್ತೆಯ ಜೊತೆ ಜಗಳಕ್ಕೆ ನಿಲ್ಲುವಷ್ಟು ಗಟ್ಟಿಯಾಗುತ್ತಿದ್ದಳು. ಹುಸೇನಬಿಯ ಮೂರು ಹೆರಿಗೆಗೂ ನೀರು ಹಾಕಿದವಳು ನಾನೇ.

ಆಗ ಆ ಪೆಟ್ಟಿಗೆಯಲ್ಲೂ ಒಬ್ಬ ಬಸುರಿ ಇದ್ದಳು. ಹೊಟ್ಟೆಯ ಕೆಳಗೆ ಗಸಗಸೆಯಂಥ ತತ್ತಿ ಹೊತ್ತು, ಕಾಲುಗಳಿಂದ ಅವಕ್ಕೆ ಗಾಳಿ ಬೀಸುತ್ತ ತೊಗಟೆಯ ಕೆಳಗೆ ಕೂತಿರುತ್ತಿದ್ದಳು. ಅಕ್ಷತಾ ಮೂರು ವಾರದಿಂದ ಶಾಲೆಯಿಂದ ಬಂದು ಚಪ್ಪಲಿ ಕೂಡ ಬಿಡದೆ ಮೊದಲು ಅವಳನ್ನು ನೋಡುತ್ತಿದ್ದಳು. ಇವತ್ತು ಮರಿಯಾಗಬಹುದು, ನಾಳೆ ಆಗಬಹುದು. ಆಗಲಿಲ್ಲ. ಮುಂಡರಗಿಯ ಗಾಡಿ ಹತ್ತುವಾಗ ಹುಡುಗಿಯ ಕಣ್ಣು ತುಂಬಿತ್ತು. "ಆಯಿ, ಏನೂ ಹಾಕಬ್ಯಾಡ. ಬರೇ ನೋಡು. ಮರಿ ಬಂದ್ರ ನಂಗ ಹೇಳು" ಅಂದಳು. ಇಷ್ಟೇ ಕೆಲಸ. ಬರೇ ನೋಡುವುದು.

ಅವಳು ಹೋದ ದಿನವೇ ಮಧ್ಯಾಹ್ನ ಮರಿಗಳಾದವು. ಊಟ ಮುಗಿಸಿ ಚಾಳೀಸು ಹಾಕಿಕೊಂಡು ಕೂತರೆ ಬದಾಮಿ ಎಲೆಯ ಮೇಲೆ ಸಣ್ಣ ರವೆಯ ಕಾಳಿನಂಥವು ಹರಿದಾಡುತ್ತಿವೆ! ಒಂದೊಂದಕ್ಕೂ ಮೀಸೆ, ಒಂದೊಂದಕ್ಕೂ ಕರೀ ಕಣ್ಣು. ದೊಡ್ಡವರು ಮಾಡುವುದನ್ನೇ ಅವೂ ಮಾಡುತ್ತಿದ್ದವು, ಲೋಳೆ ಆರಿಸಿ ಬಾಯಿಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸವಿತಾ ಹೊಲಿಗೆ ಕ್ಲಾಸಿಗೆ ಹೋಗಿದ್ದಳು. ಹುಸೇನಬಿಯನ್ನು ಕೂಗಿ ಕರೆದರೆ ಮನೆಯಲ್ಲಿಲ್ಲ. ಮುಂಡರಗಿಗೆ ಫೋನ್ ಮಾಡೋಣವೆಂದರೆ ಹುಡುಗಿ ಆಟ ಬಿಟ್ಟು ಓಡಿ ಬಂದಾಳೆಂಬ ಹೆದರಿಕೆ. ಬರಲಿ, ಬಂದಾಗ ತೋರಿಸೋಣ. ಆದರೆ ಇಷ್ಟು ಮರಿ ಹಡೆದ ತಾಯಿಯನ್ನು ಹಾಗೇ ಬಿಡುವುದೇ? ಔಷಧದ ನೀರು ಬೇಕೆಂದು ಹುಡುಗಿಯೇ ಹೇಳಿದ್ದಾಳೆ. ಬದಾಮಿ ಎಲೆಯೇ ಔಷಧವಾದರೆ ಬೇವು ಅದರ ಅಪ್ಪ. ಹಿತ್ತಲಿನ ಗಿಡದಿಂದ ಎರಡು ಹಿಡಿ ತಪ್ಪಲು ತಂದು, ಅದೇ ಚಹಾ ಪಾತ್ರೆಯಲ್ಲಿ ಕುದಿಸಿ, ಸೋಸಿ, ಚೆನ್ನಾಗಿ ಆರಿಸಿದೆ. ಬಿಸಿ ಹಾಕಬಾರದೆಂಬಷ್ಟು ಬುದ್ಧಿ ನನಗೂ ಇದೆ ನೋಡಿ. ಒಂದು ತಂಬಿಗೆ ಮೆಲ್ಲಗೆ ಸುರಿದೆ. ಸುರಿಯುವಾಗ ಬಾಣಂತಿಯರಿಗೆ ಹೇಳುವ ಹಾಗೆ "ಗಟ್ಟಿಯಾಗು ನನ್ನವ್ವ" ಅಂತಲೂ ಅಂದೆ.

ಬೆಳಿಗ್ಗೆ ನೋಡಿದರೆ ಎಲೆಯ ಮೇಲೆ ಏನೂ ಹರಿದಾಡುತ್ತಿರಲಿಲ್ಲ.

ತಾಯಿ ತೊಗಟೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು. ಉಳಿದವು ಅಲ್ಲೊಂದು ಇಲ್ಲೊಂದು, ಕುಂಕುಮದ ಬಣ್ಣ ಹೋಗಿ ಬೆಂದ ಹಾಗೆ ಬೆಳ್ಳಗಾಗಿದ್ದವು. ಗಾಳಿ ನಳಿಗೆಯ ಹತ್ತಿರ ನಾಲ್ಕು ಮಾತ್ರ ಜೀವ ಹಿಡಿದುಕೊಂಡಿದ್ದವು. ಜೋಳದ ಚೀಲಕ್ಕೆ ನುಸಿ ಹತ್ತದಿರಲೆಂದು ಬೇವಿನ ತಪ್ಪಲು ಹಾಕುವವಳೂ ನಾನೇ. ನುಸಿಯನ್ನು ಕೊಲ್ಲುವುದು ನುಸಿಯಂಥ ಮರಿಯನ್ನೂ ಕೊಲ್ಲುತ್ತದೆಂದು ಹಿಂದಿನ ದಿನ ಯಾಕೆ ಹೊಳೆಯಲಿಲ್ಲವೋ. ಸವಿತಾ ಬಂದು ನೋಡಿ, ಬೇವಿನ ನೀರಿನ ವಿಷಯ ನನ್ನಿಂದ ಕೇಳಿ, ಬಾಯಿಗೆ ಸೆರಗು ಒತ್ತಿಕೊಂಡಳು. ಬೈದಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅತ್ತಿ, ನೀವ್ ಹಾಕೀನಂತ ಹೇಳಬ್ಯಾಡ್ರಿ. ಕರೆಂಟ್ ಹೋಗಿತ್ತು, ಗಾಳಿ ಬಂದ್ ಆತು ಅಂತ ಹೇಳೂಣು" ಅಂದಳು. ಇಪ್ಪತ್ತು ವರ್ಷದಲ್ಲಿ ಆ ಸೊಸೆ ನನ್ನ ಪರ ನಿಂತದ್ದು ಅದೇ ಮೊದಲು, ಅದೂ ಸುಳ್ಳಿಗೆ. ನಾನು ತಲೆ ಆಡಿಸಿದೆ.

ಮರುದಿನ ಸಂಜೆ ಅಕ್ಷತಾ ಬಂದಳು. "ಮರಿ ಬಂದ್ವೇನ್ ಆಯಿ?" ಎಂದು ಹೊರಗಿನಿಂದಲೇ ಕೂಗುತ್ತ ಒಳಗೆ ಬಂದು ಪೆಟ್ಟಿಗೆಯ ಮುಂದೆ ಕೂತಳು. ಸವಿತಾ ಕರೆಂಟಿನ ಕತೆ ಹೇಳಿದಳು. ನಾನು ಗೋಡೆ ನೋಡುತ್ತ ನಿಂತೆ. ಹುಡುಗಿ, "ಕರೆಂಟ್ ಹೋದ್ರ ಹಿಂಗ ಸಾಯೂದಿಲ್ಲವ್ವಾ. ನಂದ ತಪ್ಪು. ಶಾಲಿ ಮುಂದಿನ ಗಿಡದ ಎಲಿ ತಂದಿದ್ದೆ. ಅದಕ್ಕ ಯಾರರ ಔಷಧ ಹೊಡದಿದ್ರು ಕಾಣತೈತಿ. ನಾನ ಕೊಂದೆ" ಅಂದಳು. ಎದ್ದು ಹೋಗಿ, ವರ್ಷವಿಡೀ ಆರಿಸಿ ಕೂಡಿಟ್ಟ ಎಲೆಯ ಡಬ್ಬಿ ತಂದು ಕಸದ ಬುಟ್ಟಿಗೆ ಬಗ್ಗಿಸತೊಡಗಿದಳು. ಎಲೆಗಳು ಬೀಳುವ ಸಪ್ಪಳ ನನಗೆ ತಡೆಯಲಾಗಲಿಲ್ಲ.

"ಬ್ಯಾಡವಾ" ಎಂದು ಅವಳ ಕೈ ಹಿಡಿದೆ. "ನಿನ್ನ ಎಲಿದ್ದೇನೂ ತಪ್ಪಿಲ್ಲ. ಮರಿ ಬಂದಿದ್ವು. ನಾನ ಬೇವಿನ ನೀರು ಹಾಕಿದೆ. ಬಾಣಂತಿ ಅಂತ ಹಾಕಿದೆ."

ಅವಳು ಡಬ್ಬಿಯನ್ನು ಮುಚ್ಚಿ ಒಳಗೆ ಹೋದಳು. ಎಂಟು ದಿನ ನನ್ನನ್ನು ಆಯಿ ಅನ್ನಲಿಲ್ಲ. "ಊಟಕ್ಕ ಬರಬೇಕಂತ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುವಳು. ವಿಷಯ ತಿಳಿದ ಹುಸೇನಬಿ ಸಮಾಧಾನ ಮಾಡಲು ಬಂದವಳು, "ಯಕ್ಕಾ, ನನಗ ಹಾಕಿದ್ದೂ ಅದ ನೀರಲ್ರಿ? ನಾ ಹೆಂಗ ಬದುಕಿದೆ?" ಎಂದು ನಗಿಸಲು ನೋಡಿದಳು. ನಗು ಬರಲಿಲ್ಲ. ಇಷ್ಟು ವರ್ಷ ಕೈಗುಣ ಅಂದುಕೊಂಡದ್ದು ಬರೀ ಬಾಣಂತಿಯರ ಆಯುಷ್ಯ ಗಟ್ಟಿಯಿದ್ದದ್ದೇನೋ ಎಂಬ ಸಂಶಯ ಆಗ ಹೊಕ್ಕದ್ದು ಇನ್ನೂ ಹೋಗಿಲ್ಲ.

ಒಂಬತ್ತನೇ ದಿನ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಅಕ್ಷತಾ ಪಕ್ಕಕ್ಕೆ ಬಂದು ಕೂತು ತಾನೂ ಸುಲಿಯತೊಡಗಿದಳು. "ಆಯಿ, ಮರಿ ಹ್ಯಾಂಗಿದ್ವು?" ಅಂದಳು.

ಅವನ್ನು ಜೀವಂತ ಕಂಡದ್ದು ಲೋಕದಲ್ಲಿ ನಾನೊಬ್ಬಳೇ. ಅವುಗಳ ಬಗ್ಗೆ ಕೇಳಬೇಕೆಂದರೆ ಅವಳಿಗೆ ನನ್ನನ್ನು ಬಿಟ್ಟು ಬೇರೆ ದಾರಿಯಿಲ್ಲ. ಕತೆಗೆ ಉಪ್ಪು ಖಾರ ಹಚ್ಚುವ ಚಟ ನನಗುಂಟು, ಆದರೆ ಅವತ್ತು ಕಂಡಷ್ಟನ್ನೇ ಹೇಳಿದೆ. ಮೀಸೆ ಎಷ್ಟು ಸಣ್ಣ, ಕಣ್ಣು ಎಷ್ಟು ಕಪ್ಪು, ಒಂದು ಮರಿ ಎಲೆಯ ತೂತಿನಲ್ಲಿ ಇಣುಕಿ ಹೇಗೆ ಹಿಂದಕ್ಕೆ ಸರಿಯಿತು. ಅವಳು "ತಾಯಿ ನೋಡತಿದ್ಲೇನು?" ಅಂದಳು. "ಗೊತ್ತಿಲ್ಲವಾ" ಅಂದೆ. ಈಗ ಉಳಿದ ನಾಲ್ಕರಲ್ಲಿ ಒಂದು ಮತ್ತೆ ತತ್ತಿ ಹೊತ್ತಿದೆ ಎಂದು ಅವಳೇ ತಿಳಿಸಿದಳು. "ಮತ್ತ ಎಲ್ಲೆರ ಆಡಾಕ ಹೋಗೂದು ಬಂದ್ರ ಯಾರ ಕಡೆ ಬಿಟ್ಟು ಹೋಗ್ತಿ?" ಎಂದು ಮೆಲ್ಲಗೆ ಕೇಳಿದೆ.

"ನಾ ಎಲ್ಲೀಗೂ ಹೋಗೂದಿಲ್ಲ ಬಿಡು ಆಯಿ" ಅಂದಳು, ತಲೆ ಎತ್ತದೆ.

ಶಿರಹಟ್ಟಿಯಲ್ಲಿ ಮುಂದಿನ ಪಂದ್ಯವಿದೆ, ಹುಡುಗಿ ಚೆನ್ನಾಗಿ ಓಡುತ್ತಾಳೆ, ಕಳಿಸಿ ಎಂದು ಅವಳ ಶಾಲೆಯ ಗುರುಗಳು ಮನೆಗೇ ಬಂದು ಹೇಳಿ ಹೋಗಿದ್ದಾರೆ. ನನ್ನಿಂದಾಗಿ ಅದೂ ತಪ್ಪುತ್ತದೆ. ಅಳಬೇಕಾದ ಮಾತು. ಆದರೆ ಅವಳು ಎಲ್ಲಿಗೂ ಹೋಗುವುದಿಲ್ಲ, ದಿನಾ ಮನೆಯಲ್ಲೇ ಇರುತ್ತಾಳೆ ಎಂದು ಕೇಳಿದ ಕೂಡಲೇ ಈ ನನ್ನ ಹಾಳು ಮನಸ್ಸು, ಇನ್ನೂ ಬುದ್ಧಿ ಕಲಿಯದೆ, ಒಳಗೊಳಗೇ ಹಿಗ್ಗಿತು.