ಗ್ರೀಸಿಗೆ ಅಡ್ಡ ಬಂದ ಹಲಸು

ಪ್ರವಾಸ ಎನ್ನುವುದು ಹೋಗಿ ಬಂದ ಮೇಲೆ ಸುಖ ಕೊಡುವ ಸಂಗತಿ ಎಂದು ನಾನು ಬಹಳ ಹಿಂದಿನಿಂದಲೂ ನಂಬಿದ್ದೇನೆ. ಕಾಲು ಚಾಚಿ ಕುಳಿತು, ಕಾಫಿ ಕುಡಿಯುತ್ತಾ, ಹೋಗದೆ ಉಳಿದವರ ಮುಂದೆ ವರ್ಣಿಸುವಾಗ ಯಾವ ಊರಾದರೂ ಚಂದವೇ. ಹೊರಡುವ ಮುಂಚಿನ ಕಥೆ ಬೇರೆ. ತೀರ್ಥಹಳ್ಳಿಯಿಂದ ಹೊರಟ ಬಸ್ಸು ಮಂಡಗದ್ದೆ ದಾಟುವಷ್ಟರಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ನನ್ನನ್ನು ಹಿಡಿಯುತ್ತದೆ. ಶಿವಮೊಗ್ಗ ಬರುವ ಹೊತ್ತಿಗೆ ವಾಪಸ್ ಹೋಗುವ ಬಸ್ಸು ಎಷ್ಟು ಗಂಟೆಗಿದೆ ಎಂದು ವಿಚಾರಿಸುತ್ತಿರುತ್ತೇನೆ. ಇಂಥ ನಾನು ಈಗ ಗ್ರೀಸ್ ದೇಶಕ್ಕೆ ಹೊರಟಿದ್ದೇನೆ. ಅದಕ್ಕೆ ಕಾರಣ ನನ್ನ ಹೆಂಡತಿ ಸುಮಿತ್ರಾ ಮತ್ತು ಅವಳು ಜೀವಮಾನವಿಡೀ ಪಾಠ ಮಾಡಿದ ಭೂಗೋಳ.

ಸುಮಿತ್ರಾ ಮೇಗರವಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದಳು. ಮೆಡಿಟರೇನಿಯನ್ ಹವಾಗುಣದ ಪಾಠ ಪ್ರತಿ ವರ್ಷವೂ ಸರಿಯಾಗಿ ಮಳೆ ಜಡಿಯುವ ಹೊತ್ತಿಗೇ ಬರುತ್ತಿತ್ತಂತೆ. ಹೊರಗೆ ಶೀಟಿನ ಮೇಲೆ ಮಳೆ ಬಡಿಯುವಾಗ, ಒಳಗೆ ಇವಳು ಗಂಟಲು ಹರಿದುಕೊಂಡು, ಭೂಮಿಯ ಮೇಲೆ ಜೂನ್ ತಿಂಗಳಲ್ಲಿ ಒಂದು ಹನಿಯೂ ಬೀಳದ ದೇಶಗಳಿವೆ ಎಂದು ಸಾರಬೇಕಿತ್ತು. ಒದ್ದೆ ಯೂನಿಫಾರಂ ತೊಟ್ಟು ನಡುಗುತ್ತಾ ಕೂತ ಮಕ್ಕಳು ಸುಳ್ಳು ಹೇಳುವವರನ್ನು ನೋಡುವಂತೆ ಇವಳನ್ನು ನೋಡುತ್ತಿದ್ದರು. ಹಾಗಾದರೆ ಅಲ್ಲಿಯ ಮಕ್ಕಳಿಗೆ ಮಳೆ ರಜೆ ಸಿಗುವುದೇ ಇಲ್ಲವಾ ಎಂದು ಒಬ್ಬಳು ಮರುಕದಿಂದ ಕೇಳಿದ್ದಳಂತೆ. ಈ ಮಾರ್ಚಿನಲ್ಲಿ ಸುಮಿತ್ರಾ ನಿವೃತ್ತಳಾದಳು. ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದವಳು ಬುಟ್ಟಿಯನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಹೇಳಿದಳು.

"ಜೂನ್ ತಿಂಗ್ಳಲ್ಲಿ ಒಂದ್ಸಲ ಕೊಡೆ ಇಲ್ದೆ ನಡೀಬೇಕು ನಂಗೆ. ಗ್ರೀಸಿಗೆ ಹೋಗೋಣ."

ಈ ಮಾತನ್ನು ಅವಳು ಯಾರ ಹತ್ತಿರ ಹೇಳಿದಳು ಎಂಬುದನ್ನು ಓದುಗರು ಗಮನಿಸಬೇಕು. ತೀರ್ಥಹಳ್ಳಿ ಪೇಟೆಯಲ್ಲಿ ನನ್ನದು ಕೊಡೆ ಅಂಗಡಿ. ಕೊಡೆ, ರೈನ್‌ಕೋಟು, ಗಂಬೂಟು, ಪ್ಲಾಸ್ಟಿಕ್ ಹೊದಿಕೆ. ಜನ ಬೈದುಕೊಳ್ಳುವ ಮಳೆಗೆ ಒಳಗೊಳಗೇ ಕೈಮುಗಿಯುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಜೂನಿನಲ್ಲಿ ನಾನು ಅಂಗಡಿ ಬಿಟ್ಟು ಹೋಗುವುದೆಂದರೆ ಮದುವೆಯ ದಿನ ಅಡಿಗೆಯವನು ಎದ್ದು ಹೋದ ಹಾಗೆ. ನಿಮ್ಮ ತಮ್ಮ ಅಂಗಡಿ ನೋಡಿಕೊಳ್ಳುತ್ತಾನೆ ಎಂದಳು. ನಾನು ಎಂದಿನಂತೆ, ಮುಂದಿನ ವರ್ಷ ಖಂಡಿತ ಹೋಗೋಣ ಎಂದೆ. ಈ 'ಮುಂದಿನ ವರ್ಷ'ದಲ್ಲಿ ನಾವು ಆಗಲೇ ಕಾಶಿ, ಕಾಶ್ಮೀರ, ಅಂಡಮಾನ್ ಎಲ್ಲ ನೋಡಿ ಮುಗಿಸಿದ್ದೇವೆ. ಸುಮಿತ್ರಾ ಮರುದಿನ ಮೊಬೈಲಿನಲ್ಲಿ ವಿಮಾನದ ಟಿಕೆಟ್ ತೆಗೆದು, ಕ್ಯಾನ್ಸಲ್ ಮಾಡಿದರೆ ಏನೂ ವಾಪಸ್ ಬರುವುದಿಲ್ಲ ಎಂದು ತಿಳಿಸಿ, ದೋಸೆ ಹೊಯ್ಯಲು ಹೋದಳು.

ಸುದ್ದಿ ಊರಿಗೆ ತಿಳಿಯಿತು. ಹೊಸನಗರದಿಂದ ಗಂಬೂಟು ಕೊಳ್ಳಲು ಬಂದವರೂ ನನಗೆ ಗ್ರೀಸಿನ ಬಗ್ಗೆ ಸಲಹೆ ಕೊಟ್ಟು ಹೋದರು. ಅವರಲ್ಲಿ ಯಾರೂ ಗ್ರೀಸ್ ನೋಡಿರಲಿಲ್ಲ, ಆದರೆ ಅಲ್ಲಿ ಕುಚ್ಚಲಕ್ಕಿ ಸಿಗುವುದಿಲ್ಲ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು. ಅರಳಸುರಳಿಯಲ್ಲಿರುವ ನನ್ನ ನಾದಿನಿ ಲಲಿತಾ ಮಾತ್ರ ಸಲಹೆ ಕೊಡಲಿಲ್ಲ, ಬಲಿತ ಹಲಸಿನಕಾಯಿಗಳನ್ನು ಆಟೋದಲ್ಲಿ ಹೇರಿಕೊಂಡು ತಾನೇ ಬಂದಳು. ಅಕ್ಕ ಪರದೇಶಕ್ಕೆ ಹಪ್ಪಳವಿಲ್ಲದೆ ಹೋಗುವುದನ್ನು ಅವಳಿಂದ ಊಹಿಸಲೂ ಆಗಲಿಲ್ಲ. ಮಾರನೆಯ ದಿನ ನಮಗೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡುವುದಿತ್ತು, ರಾತ್ರಿ ಬಸ್ಸಿಗೆ ಸೀಟಾಗಿತ್ತು. ಆದರೆ ಬಿಸಿಲಿತ್ತು. ಮೇ ತಿಂಗಳ ಕೊನೆಯ ಬಿಸಿಲನ್ನು ಕಂಡರೆ ನಮ್ಮ ಕಡೆಯ ಹೆಂಗಸರಿಗೆ ಸುಮ್ಮನೆ ಕೂರಲಾಗುವುದಿಲ್ಲ.

ಹಪ್ಪಳದ ದಿನ ಕಾಯಿ ಕೊಯ್ದು ಸೊಳೆ ಬಿಡಿಸುವುದು ಗಂಡಸರ ಕೆಲಸ. ಬಲಿತ ಕಾಯಿಯ ಮೇಣ ಎಂಥದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹತ್ತಿದರೆ ಹತ್ತಿತು, ಸೋಪಿಗೆ ಜಗ್ಗುವ ಪೈಕಿಯಲ್ಲ. ಲಲಿತಾ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಮುಂದಿಟ್ಟು, ಕೈಗೆ ಹಚ್ಚಿಕೊಂಡು ಕೂತುಕೊಳ್ಳಿ ಭಾವ ಎಂದಳು. ನಾನೇನು ಪೇಟೆಯಲ್ಲಿ ಹುಟ್ಟಿದವನೇ ಎಂದೆ. ಮೇಣ ತಾಗದಂತೆ ಹಲಸು ಬಿಡಿಸುವ ಕೈಚಳಕ ನಮ್ಮ ವಂಶದಲ್ಲಿದೆ ಎಂದೂ ಸೇರಿಸಿದೆ. ವಂಶದಲ್ಲಿ ಇದ್ದೀತು. ನನ್ನವರೆಗೆ ಬಂದಿಲ್ಲ. ಸಂಜೆಯ ಹೊತ್ತಿಗೆ ನನ್ನ ಹತ್ತೂ ಬೆರಳುಗಳು ಒಂದಕ್ಕೊಂದು ಬಿಡದ ಸ್ನೇಹಿತರಾಗಿದ್ದವು. ಈಗ ಎಣ್ಣೆ ಕೇಳಿದರೆ ಮರ್ಯಾದೆ ಹೋಗುತ್ತದೆಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗಿನಿಂದ ಉಜ್ಜಿದೆ. ಮೇಣ ಅರ್ಧ ಹೋಯಿತು, ಚರ್ಮವೂ ಅರ್ಧ ಹೋಯಿತು. ಉರಿಯುವ ಬೆರಳುಗಳನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ವೀಸಾ ಕೇಂದ್ರದಲ್ಲಿ ತಣ್ಣಗೆ ಏಸಿ, ಮೆತ್ತನೆಯ ಮಾತು. ಸುಮಿತ್ರಾ ಬೆರಳಿಟ್ಟ ಕೂಡಲೇ ಮಷೀನಿನಲ್ಲಿ ಹಸಿರು ದೀಪ ಬಂತು. ನಾನಿಟ್ಟೆ, ಕೆಂಪು. ಒರೆಸಿ ಇಟ್ಟೆ, ಕೆಂಪು. ಒತ್ತಿ ಇಟ್ಟೆ. ಕೌಂಟರಿನ ಹುಡುಗಿ ನನ್ನ ಬೆರಳು ನೋಡಿ, ಸರ್ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಕೊಡೆ ಮಾರುತ್ತೇನೆ ಎಂದೆ. ಕೊಡೆ ಮಾರಿದರೆ ಬೆರಳಿನ ಗೆರೆ ಯಾಕೆ ಅಳಿಸುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ, ನಾನೂ ತಿಳಿಸಲಿಲ್ಲ. ಅಚ್ಚು ಬಾರದಿದ್ದರೆ ಮತ್ತೊಂದು ದಿನ ಬರಬೇಕು, ಆದರೆ ನಿಮ್ಮ ಪ್ರಯಾಣದ ತಾರೀಕಿನ ಒಳಗೆ ಸ್ಲಾಟ್ ಇಲ್ಲ, ಮೇಡಂ ಬೇಕಾದರೆ ಒಬ್ಬರೇ ಹೋಗಬಹುದು ಎಂದಳು.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಮೇಣ ನಾನು ಬೇಕೆಂದು ಹಚ್ಚಿಕೊಂಡದ್ದಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳಿಯೇನು. ಆದರೆ ಆ ಮಾತು ಕಿವಿಗೆ ಬಿದ್ದಾಗ ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿದಂತಾಯಿತು. ಹೋಗಬೇಕಾಗಿಲ್ಲ. ಅಂಗಡಿ, ನನ್ನ ಹಾಸಿಗೆ, ನನ್ನ ಗಂಜಿ, ಮೇಲಿಂದ ಅಪವಾದವೂ ಇಲ್ಲ, ತಪ್ಪೆಲ್ಲ ಮಷೀನಿನದು. ಧ್ವನಿಯನ್ನು ಆದಷ್ಟು ದುಃಖದಲ್ಲಿ ಅದ್ದಿ, ನೀನಾದರೂ ಹೋಗಿ ಬಾ ಎಂದೆ. ಹೇಳುತ್ತಾ ಅವಳ ಕಡೆ ತಿರುಗಿದೆ. ತಿರುಗಬಾರದಿತ್ತು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಸಿಟ್ಟಿರಲಿಲ್ಲ. ಇದು ಹೀಗೇ ಆಗುತ್ತದೆಂದು ಗೊತ್ತಿತ್ತು ಎನ್ನುವ ಹಾಗೆ ಮುಖ ಸಣ್ಣದಾಗಿತ್ತು. ಕಾಶಿ, ಕಾಶ್ಮೀರ, ಅಂಡಮಾನ್ ಪ್ರತಿ ಸಲ ಮುಂದಕ್ಕೆ ಹೋದಾಗಲೂ ಇದೇ ಮುಖ ಇದ್ದಿರಬೇಕು, ನಾನು ನೋಡಿರಲಿಲ್ಲ ಅಷ್ಟೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೆರಳುಗಳನ್ನು ಪ್ಯಾಂಟಿಗೆ, ಅಂಗಿಗೆ, ಹಣೆಗೆ ತಿಕ್ಕಿ ತಿಕ್ಕಿ ಮಷೀನಿನ ಮೇಲಿಟ್ಟೆ. ಅದು ಕೆಂಪಾಗಿಯೇ ಇತ್ತು.

ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಫೈಲನ್ನು ಕೌಂಟರಿನ ಮೇಲಿಟ್ಟು, ನನಗೆ ಬೆನ್ನು ಮಾಡಿ ನಿಂತಳು. ಪ್ರಯಾಣಕ್ಕೆ ಮುಂಚೆ ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಳ್ಳುವುದು ಅವಳ ಪದ್ಧತಿ, ಯಾವ ದೇಶದ ವೀಸಾಕ್ಕೂ ಅದರಲ್ಲಿ ರಿಯಾಯಿತಿ ಇಲ್ಲ.

"ನನ್ನ ತಲೆಗೆ ಒರೆಸ್ಕೊಳ್ಳಿ, ಮೇಣ ಬಿಡುತ್ತೆ" ಎಂದಳು.

ಹಿಂದೆ ಸಾಲಿನಲ್ಲಿ ಟೈ ಕಟ್ಟಿಕೊಂಡವರೆಲ್ಲ ಇದ್ದರು. ನಾನು ಮದುವೆಯಾದ ಹೊಸದರಲ್ಲೂ ಹತ್ತು ಜನರೆದುರು ಹೆಂಡತಿಯ ಕೂದಲು ಮುಟ್ಟಿದವನಲ್ಲ. ಆ ದಿನ ವೀಸಾ ಕೇಂದ್ರದ ನಟ್ಟನಡುವೆ ನಿಂತು, ಎರಡೂ ಕೈಗಳನ್ನು ಅವಳ ಜಡೆಯೊಳಗೆ ತೂರಿಸಿ, ಒಂದೊಂದೇ ಬೆರಳನ್ನು ಉಜ್ಜಿದೆ. ಮೇಣ ಕಪ್ಪಗೆ ಉಂಡೆಯುಂಡೆಯಾಗಿ ಕಿತ್ತು ಬಂತು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದಳು. ಟಿಶ್ಯೂವಿನಲ್ಲಿ ಒರೆಸಿ ಬೆರಳಿಟ್ಟೆ. ತುಸು ಯೋಚನೆ ಮಾಡಿ ಮಷೀನು ಹಸಿರಾಯಿತು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ನನಗಾದ ಆ ಸಮಾಧಾನವನ್ನು ಹೇಗೆ ಹೇಳಲಿ, ಮೊದಲು ಆದದ್ದು ಇದರ ಮುಂದೆ ಏನೇನೂ ಅಲ್ಲ.

ಪಾಸ್‌ಪೋರ್ಟುಗಳು ವೀಸಾ ಸಮೇತ ಮನೆಗೆ ಬಂದಿವೆ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹಪ್ಪಳ ಜಾಸ್ತಿಯಿದೆ. ನಿನ್ನೆ ಸಂಜೆ ಜಗಲಿಯಲ್ಲಿ ಕೂತು, ಆ ದಿನ ನಾನು ಎಷ್ಟು ಒದ್ದಾಡಿದೆ, ಗ್ರೀಸ್ ತಪ್ಪಿಹೋಗುತ್ತದೆಂದು ಎಷ್ಟು ಸಂಕಟಪಟ್ಟೆ ಎಂದು ಲಲಿತಾಳ ಮುಂದೆ ವರ್ಣಿಸುತ್ತಿದ್ದೆ. ಸುಮಿತ್ರಾ ಒಗೆದ ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. ತಂಗಿ ಒಳಗೆ ಹೋದ ಮೇಲೆ ತಲೆ ಎತ್ತದೆಯೇ ಹೇಳಿದಳು.

"ಆ ಹುಡುಗಿ ಸ್ಲಾಟ್ ಇಲ್ಲ ಅಂದಾಗ ನಿಮ್ಗೆ ಖುಷಿ ಆಗಿದ್ದು ನಾ ನೋಡಿದೀನಿ. ಪರೀಕ್ಷೆ ರೂಮಲ್ಲಿ ನಿಂತು ನಿಂತು ಮುಖ ಓದೋದು ಗೊತ್ತು ನಂಗೆ. ಅದನ್ನ ನೋಡಿದ್ಮೇಲೇ ತಲೆ ಕೊಟ್ಟಿದ್ದು."

ಒಬ್ಬಳೇ ಹೋಗಬಹುದಿತ್ತಲ್ಲ, ಮತ್ತೆ ಯಾಕೆ ಕೊಟ್ಟೆ ಎಂದು ಕೇಳಿದೆ. ಅವಳು ನನ್ನ ಅಂಗಿಯ ಕಾಲರನ್ನು ನೇರ ಮಾಡಿ ಮಡಚಿ, ಸೂಟ್‌ಕೇಸಿಗೆ ಹಾಕುವ ಗಂಟಿನ ಮೇಲಿಟ್ಟಳು.

"ಅದಾದ್ಮೇಲೆ ತಿಕ್ಕಿದ್ರಲ್ಲ ಬೆರಳು, ಅದನ್ನೂ ನೋಡಿದೆ" ಎಂದಳು.

ನನಗೆ ಈಗ ಎಲ್ಲ ರೀತಿಯಿಂದಲೂ ನಿರಾಳ. ಮುಂದಿನ ವರ್ಷ ಎನ್ನುವ ಮಾತು ಈ ಮನೆಯಲ್ಲಿ ಇನ್ನು ನಡೆಯುವುದಿಲ್ಲ. ಹೇಳುವಾಗ ನನ್ನ ಮುಖವೇ ನನ್ನನ್ನು ಹಿಡಿದುಕೊಡುತ್ತದೆ ಎಂದು ಗೊತ್ತಾದ ಮೇಲೆ ಹೇಳುವ ಕಷ್ಟವೂ ತಪ್ಪಿತು.