ಎರಡೂ ಬದಿ ತುಂಬಿದ ಪಾಟಿ

ಸಿಟ್ಟು, ಅಳು, ನೆನಪು ಇವನ್ನೆಲ್ಲ ಹತೋಟಿಯಲ್ಲಿಡುವುದು ಹೇಗೆಂದು ಬೇರೆಯವರಿಗೆ ಹೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ನಾನಂತೂ ಅದಕ್ಕಾಗಿ ಸಂಬಳವನ್ನೇ ತೆಗೆದುಕೊಂಡವನು. ಎಪ್ಪತ್ತರ ದಶಕದಲ್ಲಿ ಹೂವಿನ ಹಿಪ್ಪರಗಿಯಲ್ಲಿ ಎರಡನೇ ಇಯತ್ತೆಗೆ ಮಾಸ್ತರನಾಗಿದ್ದೆ. ಒಂದು ಮಗು ಅತ್ತರೆ ಇಡೀ ವರ್ಗ ದನಿಗೂಡಿಸುತ್ತಿತ್ತು. ಬಡಿದು ಸುಮ್ಮನಾಗಿಸುವುದು ಆಗಿನ ರೂಢಿ. ನನಗೆ ಕೈ ಏಳಲಿಲ್ಲ. ಪುಕ್ಕಲುತನಕ್ಕೆ ದಯೆ ಎಂದು ಹೆಸರಿಟ್ಟುಕೊಂಡು ಒಂದು ಉಪಾಯ ಹೂಡಿದೆ. ಸಿಟ್ಟೋ ಅಳುವೋ ಬಂದವರು ಅದಕ್ಕೆ ಕಾರಣರಾದವರ ಹೆಸರನ್ನು ಪಾಟಿಯ ಮೇಲೆ ಬರೆದು ನನಗೆ ತೋರಿಸಬೇಕು. ಆಮೇಲೆ ಒದ್ದೆ ಅರಿವೆಯಿಂದ ಒರೆಸಿ, ಪಾಟಿ ಒಣಗುವ ತನಕ ಗಾಳಿಗೆ ಆಡಿಸಬೇಕು. ಅಷ್ಟರಲ್ಲಿ ಸಿಟ್ಟೂ ಆರುತ್ತಿತ್ತು. ತನ್ನ ಬಳಪ ತಿಂದ ಮಲ್ಲಪ್ಪನ ಹೆಸರನ್ನು ದಿನಕ್ಕೆ ಮೂರು ಸಲ ಬರೆದೂ ಬರೆದೂ ಒಬ್ಬ ಹುಡುಗಿಯ ಅಕ್ಷರ ದುಂಡಗಾಯಿತು. ಹೆಡ್ ಮಾಸ್ತರರೂ ಮೆಚ್ಚಿದರು. ನಾನು ಉಬ್ಬಿಹೋದೆ.

ಈ ಉಪಾಯಕ್ಕೆ ಬಗ್ಗದವಳು ಶಾಂತಾ ಒಬ್ಬಳೇ. ಅವಳ ತಾಯಿ ಸಿಂದಗಿಯಲ್ಲಿ ನರ್ಸ್. ಮಗು ಇಲ್ಲಿ ಅಜ್ಜಿಯ ಹತ್ತಿರ. ಸಿಂದಗಿ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ‘ಅವ್ವ’ ಎಂದು ಬರೆದು ಪಾಟಿಯನ್ನು ನೋಡುತ್ತ ಕೂತುಬಿಡುತ್ತಿದ್ದಳು. ಒರೆಸು ಎಂದರೆ, “ಒರಸಂಗಿಲ್ರಿ. ಒರಸಿದ್ರ ಅವ್ವ ಬರಂಗಿಲ್ಲ” ಎನ್ನುತ್ತಿದ್ದಳು. ನೆನಪಿಗೆ ಹೀಗೆ ಸೋಲಬಾರದೆಂದು ನಾನು ಉಪದೇಶ ಮಾಡುತ್ತಿದ್ದೆ.

ಇತ್ತ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಝಳಕಿಯ ತವರಿಗೆ ಹೋಗಿದ್ದಳು. ಹದಿನೈದು ದಿನವಾದರೂ ಕಾಗದವಿಲ್ಲ. ಊಟಕ್ಕೆ ಎರಡು ತಾಟು ಇಟ್ಟು, ಒಂದನ್ನು ಮತ್ತೆ ಎತ್ತಿಡುತ್ತಿದ್ದೆ. ಒಂದು ಮಧ್ಯಾಹ್ನ ಟಪಾಲಿನವನು ಸಾಲೆಯ ಮುಂದೆ ಸೈಕಲ್ ನಿಲ್ಲಿಸದೆ ಹೋದ. ನಾನು ಕಾರಣವಿಲ್ಲದೆ ಮಕ್ಕಳ ಮೇಲೆ ಹರಿಹಾಯ್ದೆ. ಶಾಂತಾ ಎದ್ದು ಬಂದು ತನ್ನ ಪಾಟಿಯ ಹಿಂಬದಿಯನ್ನು ನನ್ನ ಮುಂದಿಟ್ಟಳು.

“ಈ ಕಡೆ ಖಾಲಿ ಐತ್ರಿ ಸರ್. ನೀವೂ ಬರೀರಿ.”

ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಹೇಳಬೇಕಾದರೆ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಸೇರಿಸಿಯೇ ಹೇಳುವ ಕಾಲ ಅದು. ನಾಚಿಕೊಂಡು ‘ಝಳಕಿ’ ಎಂದು ಬರೆದೆ.

“ಊರ ಹೆಸರು ನಡಿಯಂಗಿಲ್ರಿ. ಮಂದಿ ಹೆಸರು ಬರೀಬೇಕಂತ ನೀವ ಹೇಳೀರಿ.”

ಝಳಕಿಯನ್ನು ಒರೆಸಿ ‘ಕಮಲಾ’ ಎಂದು ಬರೆದೆ. ಬರೆದ ಮೇಲೆ ಗೊತ್ತಾಯಿತು, ಅವಳನ್ನು ಎಷ್ಟು ಹಂಬಲಿಸುತ್ತಿದ್ದೇನೆಂದು. ಶಾಂತಾ ಅಕ್ಷರ ಅಳಿಸದ ಹಾಗೆ ಪಾಟಿಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು ಮನೆಗೆ ಹೋದಳು.

ಮರುದಿನ ಕೂಡುವ ಲೆಕ್ಕ ಹಾಕಿಕೊಟ್ಟೆ. ಅವಳು ಬಳಪ ಹಿಡಿದು ಸುಮ್ಮನೆ ಕೂತಿದ್ದಳು. ಪಾಟಿಯ ಒಂದು ಬದಿ ಅವ್ವ, ಇನ್ನೊಂದು ಬದಿ ಕಮಲಾ, ಎರಡೂ ಹಾಗೇ ಇದ್ದವು.

“ಲೆಕ್ಕ ಎಲ್ಲಿ ಮಾಡ್ಲಿರಿ? ನಿಮ್ಮದು ಒರಸ್ರಿ ಸರ್. ನೀವು ದೊಡ್ಡವ್ರದೀರಿ.”

ನ್ಯಾಯವಾದ ಮಾತು. ನಾನೇ ಮಾಡಿದ ಕಾಯಿದೆ. ಅರಿವೆ ನೆನೆಸಿದೆ, ಹಿಂಡಿದೆ, ಮತ್ತೆ ನೆನೆಸಿದೆ. ಅವಳು ಪಾಟಿ ಹಿಡಿದೇ ನಿಂತಿದ್ದಳು. ಕೊನೆಗೆ ಅರಿವೆಯನ್ನು ಕಿಟಕಿಯ ಸರಳಿಗೆ ಒಣಗಹಾಕಿ, ಝಳಕಿಯಿಂದ ಕಾಗದ ಬರುವವರೆಗೆ ಇಡೀ ವರ್ಗಕ್ಕೆ ಬಾಯಿಲೆಕ್ಕ ಎಂದು ಸಾರಿಬಿಟ್ಟೆ.