ಅಪ್ಪನ ಕಾನೂನು, ಅಣ್ಣನ ತಾಟು

ನಮ್ಮ ಮನೆಯಲ್ಲಿ ಹುಟ್ಟಿದ ಕಾನೂನು ಸಂತೆ ದಿನದವರೆಗೆ ಬದುಕಿದರೆ ಅದೇ ದೊಡ್ಡದು. ಹುಟ್ಟಿಸುವವನು ಅಪ್ಪ, ಎಲ್ಲಾ ನಮ್ಮಣ್ಣನ ಸಲುವಾಗಿ. ಅಣ್ಣ ಬಿ.ಎ. ಮುಗಿಸಿ ನಾಲ್ಕು ವರ್ಷದಿಂದ ನೌಕರಿಯ ದಾರಿ ಕಾಯುತ್ತಿದ್ದ, ಹೆಚ್ಚಾಗಿ ಮಲಗಿಕೊಂಡು. ಏಳನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಯಾವ ಕಾನೂನೂ ಇರಲಿಲ್ಲ. ನನ್ನ ಮೇಲೆ ಯಾರಿಗೂ ಆಸೆಯೇ ಇರಲಿಲ್ಲ.

೧. ಹಂಡೆ

“ಏಳರ ಮ್ಯಾಲ ಎದ್ದವಗ ಬಿಸಿನೀರಿಲ್ಲ,” ಅಂದ ಅಪ್ಪ.

“ಆತು, ಜಳಕಾನ ಬಿಡ್ತೇನಿ,” ಅಂದ ಅಣ್ಣ, ಮಗ್ಗಲು ಬದಲಿಸಿ.

ಬೇಸಿಗೆ ಬೇರೆ. ನಾಲ್ಕನೇ ದಿನ ಅವ್ವನೇ ಹಂಡೆಯಿಂದ ಬಿಸಿನೀರು ತೋಡಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದಳು: “ನಿಮ್ಮ ಕಾನೂನು ನಾರಾಕತ್ತೈತ್ರಿ.”

೨. ಕೀಲಿಕೈ

ಓಣಿಗೆಲ್ಲ ನಮ್ಮದೊಂದೇ ಟಿ.ವಿ. “ದುಡಿಯೂತನಕ ನೋಡೂಹಂಗಿಲ್ಲ” ಅಂತ ಅಪ್ಪ ಅದರ ಪೆಟ್ಟಿಗೆಯ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡು ಕಬ್ಬಿಗೆ ನೀರು ಹಾಯಿಸೋದು ನೋಡಲು ಹೋದ. ಅವತ್ತು ರವಿವಾರ, ಸಿನಿಮಾ ದಿನ. ಓಣಿ ಮಂದಿಯೆಲ್ಲ ಬಂದು ಕೂತು, ಕೀಲಿಕೈ ಎಲ್ಲೈತಿ ಅಂದರು. ನಾನು ಇದ್ದದ್ದು ಹೇಳಿದೆ, ದಾರಿಯನ್ನೂ ತೋರಿಸಿದೆ.

ಇಪ್ಪತ್ತು ಮಂದಿ, ಮುದುಕಿಯರ ಸಹಿತ, ಹೊಲಕ್ಕೆ ಹೋದರು. ಅಪ್ಪ ಪಂಪಿನ ತೊಟ್ಟಿಯಲ್ಲಿ ಜಳಕ ಮಾಡುತ್ತಿದ್ದ. ಮೈಮೇಲೆ ಉಡದಾರ, ಉಡದಾರದಲ್ಲಿ ಕೀಲಿಕೈ, ಅಷ್ಟೇ.

ತಿರುಗಿ ಬಂದವರನ್ನು ಅಣ್ಣ ಕೇಳಿದ, “ಕೀಲಿಕೈ ಸಿಕ್ತೇನ್ರಿ?”

“ಟಿ.ವಿ. ಬ್ಯಾಡೋ ಯಪ್ಪಾ,” ಅಂದಳೊಬ್ಬ ಮುದುಕಿ, “ಸಾಕಷ್ಟು ನೋಡಿ ಬಂದಿವಿ.”

೩. ಬಾಗಿಲ ಮೇಲಿನ ಬರಹ

ಅಪ್ಪನ ಸಿಟ್ಟು ನೆತ್ತಿಗೇರಿತು. ನನ್ನ ಕೈಲೇ ಚಾಕ್‌ಪೀಸಿನಿಂದ ಬಾಗಿಲ ಮೇಲೆ ಬರೆಸಿದ: “ದುಡಿಯದ ಹಿರೇ ಮಗನಿಗೆ ಇವತ್ತಿನಿಂದ ಊಟ ಬಂದ್. ಮನೆ ಬಿಡಬಹುದು.” ಬರೆಸಿ, ಇಸ್ಪೀಟಾಡಲು ಕಟ್ಟೆಗೆ ಹೋದ.

ಈ ಸಲ ಅಣ್ಣ ನಗಲಿಲ್ಲ. ಅಂಗಿ ಮಡಚಿ ಚೀಲಕ್ಕೆ ತುಂಬತೊಡಗಿದ. ಅವ್ವ ಒಲೆ ಮುಂದೆ ಕಣ್ಣೊರೆಸಿಕೊಂಡಳು.

ಅಪ್ಪನ ತಾಯಿ, ನಮ್ಮ ಆಯಿಗೆ ಓದು ಬರದು. “ಏನ್ ಬರದಿಯೋ?” ಅಂದಳು. ಓದಿ ಹೇಳಿದೆ.

“ಮನಿ ಯಾರ ಹೆಸರಲೆ ಐತಿ?”

“ನಿನ್ನ ಹೆಸರಲೆ, ಆಯಿ.”

“ಹಂಗಾರ ಮೊದಲ ನನ್ನ ಮಗಂದು ಬರಿ. ಐವತ್ತು ದಾಟೈತಿ, ಆಳು ಹಚ್ಚಿ ತಾ ಇಸ್ಪೀಟ ಆಡ್ತಾನ.”

ಅಪ್ಪನ ಹೆಸರನ್ನು ಎಲ್ಲಕ್ಕಿಂತ ಮೇಲೆ, ದಪ್ಪಗೆ ಬರೆದೆ. ಶಾಲೆಯಲ್ಲಿ ಇಂಥ ಅಕ್ಷರ ಬರೆದಿದ್ದರೆ ಪಾಸಾಗುತ್ತಿದ್ದೆ.

ಮಧ್ಯಾಹ್ನ ಅಪ್ಪ ಹಸಿದು ಬಂದ. ಆಯಿ ಅಪ್ಪ, ಅಣ್ಣ ಇಬ್ಬರ ತಾಟನ್ನೂ ಬೋರಲು ಹಾಕಿಟ್ಟಿದ್ದಳು. ಅಪ್ಪ ಬಾಗಿಲು ಓದಿದ, ತಾಟು ನೋಡಿದ, ಗೋಡೆಗೊರಗಿ ಕೂತ. ಹೊರಟು ನಿಂತಿದ್ದ ಅಣ್ಣ ಚೀಲ ಇಳಿಸಿ ಪಕ್ಕದಲ್ಲಿ ಕೂತು, ಅಪ್ಪನ ಹೆಗಲ ಮೇಲೆ ಕೈಯಿಟ್ಟ.

“ಅಂಜಬ್ಯಾಡಪಾ. ಮೊದಲ ನಾಕ ವರ್ಷ ತ್ರಾಸ ಅನಸ್ತೈತಿ. ಆಮ್ಯಾಲ ರೂಢಿ ಆಗ್ತೈತಿ.”